ಫ್ರಾನ್ಸಿನ ಹಳ್ಳಿಯಲ್ಲಿ ಕುದುರೆ ಸಾಕೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿಗೆ ಕೆಲಸಕ್ಕೆ ಬರುವ ನಮ್ಮವರು ಹೆಚ್ಚಾಗಿ ಪ್ಯಾರಿಸ್, ಟುಲೂಸ್, ಗ್ರೆನೋಬಲ್ ಕಡೆ ಇರುತ್ತಾರೆ. ನಾವಿರುವುದು ಫ್ರಾನ್ಸಿನ ನಡುಭಾಗದ ಹಳ್ಳಿಗಾಡು ಲಿಮೂಜಾಂನಲ್ಲಿ. ದನ ಜಾಸ್ತಿ, ಜನ ಕಮ್ಮಿ, ಮಳೆ ಬೇಕಾದಷ್ಟು. ನಮ್ಮ ಕುದುರೆಗಳ ಫೋಟೋ ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ ತರ ಇರುತ್ತವೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಬೆಲೆಗಳೆಲ್ಲ ಅಂದಾಜು, ಊರಿಂದೂರಿಗೆ ಬದಲಾಗುತ್ತವೆ.

ಹೊರದೇಶದವರು ಇಲ್ಲಿ ಕುದುರೆ ಇಟ್ಟುಕೊಳ್ಳಬಹುದಾ? ವೀಸಾಗೆ ಏನಾದರೂ ತೊಂದರೆಯಾ?

ಇಟ್ಟುಕೊಳ್ಳಬಹುದು. ಕುದುರೆ ಕೊಳ್ಳಲು ಫ್ರೆಂಚ್ ಪೌರತ್ವ ಬೇಕಿಲ್ಲ, ಜಮೀನು ಕೊಳ್ಳಲೂ ಬೇಕಿಲ್ಲ. ನಿಮ್ಮ ವಾಸದ ಪರವಾನಗಿ ಯಾವುದೇ ಇರಲಿ, ಹವ್ಯಾಸಕ್ಕೆ ಕುದುರೆ ಸಾಕುವುದನ್ನು ಯಾರೂ ತಡೆಯುವುದಿಲ್ಲ. ಅದರಿಂದ ದುಡ್ಡು ಮಾಡಲು ಹೊರಟರೆ ಮಾತ್ರ ಕಥೆ ಬೇರೆ, ಅದನ್ನು ಕೆಳಗೆ ಹೇಳುತ್ತೇನೆ. ಮನೆ ಜಮೀನಿಗೆ ಊರಿಂದ ಹಣ ತರಿಸುವುದಾದರೆ, ಭಾರತದಲ್ಲಿ ವಾಸ ಇರುವವರು ರಿಸರ್ವ್ ಬ್ಯಾಂಕಿನ ನಿಯಮದಂತೆ ಒಂದು ಹಣಕಾಸು ವರ್ಷಕ್ಕೆ ತಲಾ 2,50,000 ಡಾಲರ್ ತನಕ ಮಾತ್ರ ಹೊರಗೆ ಕಳಿಸಬಹುದು.

ಸವಾರಿಯೇ ಬರಲ್ಲ. ಎಲ್ಲಿಂದ ಶುರು ಮಾಡಲಿ?

ಹತ್ತಿರದ ಕುದುರೆ ಕ್ಲಬ್ಬಿನಿಂದ. ನಮ್ಮ ಕಡೆ ಸವಾರಿ ಅಂದರೆ ಪೊಲೀಸು, ಮಿಲಿಟರಿ, ರೇಸು, ಇಲ್ಲವಾದರೆ ಬೆಂಗಳೂರಿನ ಒಂದೆರಡು ದುಬಾರಿ ಶಾಲೆ. ಇಲ್ಲಿ ಹಾಗಲ್ಲ. ಸಣ್ಣ ಪಟ್ಟಣದ ಹೊರಗೂ ಒಂದು ಕ್ಲಬ್ ಇರುತ್ತದೆ. ಅಂಗನವಾಡಿ ವಯಸ್ಸಿನ ಮಕ್ಕಳನ್ನು ಶೆಟ್ಲ್ಯಾಂಡ್ ಪೋನಿ ಮೇಲೆ ಕೂರಿಸುತ್ತಾರೆ. ಕಲಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಫ್ರೆಂಚ್ ಸವಾರಿ ಒಕ್ಕೂಟ 'ಗಾಲೋ' ಅಂತ 1ರಿಂದ 7ರ ತನಕ ಮಟ್ಟಗಳನ್ನು ಇಟ್ಟಿದೆ. ಇದರಲ್ಲಿ ನನಗೆ ಇಷ್ಟವಾಗುವುದು ಏನಂದರೆ ಬರೀ ಮೇಲೆ ಕೂತು ಓಡಿಸುವುದನ್ನು ಪರೀಕ್ಷೆ ಮಾಡುವುದಿಲ್ಲ. ಮೈ ಉಜ್ಜುವುದು, ಗೊರಸು ಕೆರೆದು ಸ್ವಚ್ಛ ಮಾಡುವುದು, ಜೀನು ಕಟ್ಟುವುದು, ಕುದುರೆ ಕಿವಿ ಹಿಂದಕ್ಕೆ ಮಡಚಿದರೆ ಅದರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುವುದು, ಇವೆಲ್ಲ ಸೇರಿವೆ. ವಯಸ್ಸಾದವರು ನಾಚಿಕೊಳ್ಳಬೇಕಿಲ್ಲ. ದೊಡ್ಡವರಿಗೆ ಅಂತ ಬೇರೆ ಕ್ಲಾಸು ಇರುತ್ತದೆ.

ಮುಂದಿನ ಹೆಜ್ಜೆ 'ದಮಿ ಪಾನ್ಸಿಯೋಂ'. ಅಂದರೆ ಇನ್ನೊಬ್ಬರ ಕುದುರೆಯನ್ನು ವಾರದಲ್ಲಿ ಕೆಲವು ದಿನ ನೀವು ನೋಡಿಕೊಂಡು, ಸವಾರಿ ಮಾಡಿ, ಖರ್ಚಿನಲ್ಲಿ ಪಾಲು ಕೊಡುವುದು. ನನ್ನ ಖಡಾಖಂಡಿತ ಅಭಿಪ್ರಾಯ: ಚಳಿಗಾಲ ಸೇರಿಸಿ ಒಂದು ಪೂರ್ತಿ ವರ್ಷ ಹೀಗೆ ಕಳೆಯದೆ ಕುದುರೆ ಕೊಳ್ಳಬೇಡಿ. ಜೂನ್ ತಿಂಗಳಲ್ಲಿ ಎಲ್ಲರಿಗೂ ಕುದುರೆ ಬೇಕು ಅನಿಸುತ್ತದೆ. ಜನವರಿಯಲ್ಲಿ ಬೆಳಿಗ್ಗೆ ಇನ್ನೂ ಕತ್ತಲಿರುವಾಗ, ಮೊಣಕಾಲುದ್ದ ಕೆಸರಿನಲ್ಲಿ ಹುಲ್ಲಿನ ಬಲೆ ಹೊತ್ತು ನಡೆಯುವಾಗಲೂ ಬೇಕು ಅನಿಸಿದರೆ ಆಮೇಲೆ ಯೋಚಿಸಿ.

ಖರ್ಚು ಎಷ್ಟಾಗುತ್ತದೆ?

ಕುದುರೆ ಕೊಳ್ಳುವುದೇ ಎಲ್ಲಕ್ಕಿಂತ ಸಣ್ಣ ಖರ್ಚು. ಸಾವಿರ, ಎರಡು ಸಾವಿರ ಯೂರೋಗೆ ಒಳ್ಳೆಯ ಸ್ವಭಾವದ ಪ್ರಾಣಿ ಸಿಗಬಹುದು. ಸಾಕುವುದಕ್ಕೆ ಪ್ರತಿ ತಿಂಗಳೂ ದುಡ್ಡು ಬೇಕು.

ಬೇರೆಯವರ ಹತ್ತಿರ ಬಿಟ್ಟರೆ, ಬಯಲಲ್ಲಿ ಮೇಯಿಸುವುದಕ್ಕೆ ಹಳ್ಳಿ ಕಡೆ ತಿಂಗಳಿಗೆ ಸುಮಾರು 100ರಿಂದ 250 ಯೂರೋ. ಲಾಯ, ಕಾಳು, ದಿನಾ ಸಗಣಿ ತೆಗೆಯುವುದು, ಮರಳು ಹಾಸಿದ ಅಂಗಳ ಎಲ್ಲಾ ಸೇರಿದರೆ 300ರಿಂದ 600. ಪ್ಯಾರಿಸ್ ಸುತ್ತ ಇನ್ನೂ ಜಾಸ್ತಿ. ಲಾಳ ಇಲ್ಲದ ಕುದುರೆಯ ಗೊರಸು ಕತ್ತರಿಸಲು ಒಂದು ಸಲಕ್ಕೆ 40, 50 ಯೂರೋ, ನಾಲ್ಕೂ ಕಾಲಿಗೆ ಲಾಳ ಹೊಡೆಸಿದರೆ ಅದರ ಎರಡರಷ್ಟು. ಇದು ಆರರಿಂದ ಎಂಟು ವಾರಕ್ಕೊಮ್ಮೆ ಬರುವ ಖರ್ಚು. ಆಮೇಲೆ ಲಸಿಕೆ, ಜಂತುಹುಳು ಔಷಧಿ, ವರ್ಷಕ್ಕೊಮ್ಮೆ ಹಲ್ಲನ್ನು ಅರದಿಂದ ಉಜ್ಜಿ ಸಮ ಮಾಡಿಸುವುದು, ವಿಮೆ. ಇವಿಷ್ಟೂ ಮೊದಲೇ ಲೆಕ್ಕ ಹಾಕಬಹುದು. ಲೆಕ್ಕಕ್ಕೆ ಸಿಗದಿರುವುದು ಹೊಟ್ಟೆನೋವು. ರಾತ್ರಿ ಹೊತ್ತು ವೈದ್ಯರು ಬಂದು ಹೋದರೆ ಕೆಲವು ನೂರು, ಆಪರೇಷನ್ ಅಂದರೆ ಸಾವಿರಗಳು. ಅದಕ್ಕೆ ಅಂತ ಒಂದಿಷ್ಟು ಹಣ ಪಕ್ಕಕ್ಕೆ ಇಟ್ಟಿರಲೇಬೇಕು.

ಯಾವ ತಳಿ ಒಳ್ಳೆಯದು?

ತಳಿಗಿಂತ ಸ್ವಭಾವ, ವಯಸ್ಸು ನೋಡಿ. ಹತ್ತು ಹನ್ನೆರಡು ವರ್ಷ ದಾಟಿದ, ಟ್ರ್ಯಾಕ್ಟರಿಗೆ ಹೆದರದ, ಬೀಜ ತೆಗೆಸಿದ ಗಂಡು ಕುದುರೆ ಮೊದಲ ಬಾರಿಗೆ ಸಾಕುವವರಿಗೆ ಸರಿ.

ಆದರೂ ಕೇಳಿದ್ದೀರಲ್ಲ, ಹೇಳುತ್ತೇನೆ. ಕಮಾರ್ಗ್ ಪ್ರದೇಶದ ಬಿಳಿ ಕುದುರೆ ಗಿಡ್ಡ, ಗಟ್ಟಿಮುಟ್ಟು, ಜೌಗಿನಲ್ಲೇ ಬೆಳೆದದ್ದು. ಪಿರೆನೀಸ್ ಬೆಟ್ಟಗಳ ಕಪ್ಪು ಮೆರೆಂಸ್ ಏರುದಾರಿಗೆ ಹೇಳಿ ಮಾಡಿಸಿದ್ದು. ಕೊಂತ್ವಾ, ಬ್ರೆತೋಂ, ಪೆರ್ಶರೋಂ ಇವೆಲ್ಲ ಗಾಡಿ ಎಳೆಯುವ ಭಾರೀ ತಳಿಗಳು. ನೋಡಿದರೆ ಭಯ ಆಗುತ್ತದೆ, ಸ್ವಭಾವ ಮಾತ್ರ ಬಹಳ ತಣ್ಣಗೆ. ಜಿಗಿತದ ಸ್ಪರ್ಧೆಗಳಲ್ಲಿ ಕಾಣುವುದು ಸೆಲ್ ಫ್ರಾನ್ಸೇ. ಅದು ಹೊಸಬರಿಗೆ ಬೇಡ.

ಕಡಿಮೆ ಬೆಲೆಗೆ ಸಿಗುವುದು ಗಾಡಿ ರೇಸಿನಿಂದ ನಿವೃತ್ತಿಯಾದ ಟ್ರಾಟರ್‌ಗಳು. ಜನರ ನಡುವೆ, ಟ್ರಕ್ಕು, ಗದ್ದಲದಲ್ಲೇ ಬೆಳೆದಿರುವುದರಿಂದ ಬಹಳಷ್ಟು ಟ್ರಾಟರ್‌ಗಳು ರಸ್ತೆಯಲ್ಲಿ ಬೆಚ್ಚುವುದಿಲ್ಲ. ಆದರೆ ಅವಕ್ಕೆ ಬೆನ್ನ ಮೇಲೆ ಸವಾರನನ್ನು ಹೊತ್ತು ನಿಧಾನವಾಗಿ ಓಡುವುದನ್ನು ಹೊಸದಾಗಿ ಕಲಿಸಬೇಕಾಗುತ್ತದೆ. ಅದನ್ನು ಬಲ್ಲವರ ಕೈಲಿ ಮಾಡಿಸಿ.

ಕೊಳ್ಳುವಾಗ ಏನೇನು ನೋಡಬೇಕು?

ಮೊದಲನೆಯದು, ಮಾರುವವರ ಪರಿಚಯದವರಲ್ಲದ ಪಶುವೈದ್ಯರಿಂದ ಪರೀಕ್ಷೆ. ಇದಕ್ಕೆ ನೂರಿನ್ನೂರು ಯೂರೋ ಆಗುತ್ತದೆ, ಎಕ್ಸ್‌ರೇ ತೆಗೆಸಿದರೆ ಹೆಚ್ಚು. ಜುಗ್ಗತನ ಮಾಡಬೇಡಿ.

ಎರಡನೆಯದು ಕಾನೂನು. ಇಲ್ಲಿ ಕುದುರೆ ಮಾರಾಟವನ್ನು ರದ್ದು ಮಾಡಿಸಬಹುದಾದ ದೋಷಗಳ ಹಳೆಯ ಪಟ್ಟಿ ಒಂದಿದೆ. ಹಳೆಯ, ಬಿಟ್ಟು ಬಿಟ್ಟು ಬರುವ ಕುಂಟು, ದೀರ್ಘಕಾಲದ ಉಬ್ಬಸ, ಗಾಳಿ ನುಂಗುವ ಚಟ, ಕಣ್ಣಿನ ಉರಿಯೂತ, ಸೋಂಕಿನ ರಕ್ತಹೀನತೆ ಹೀಗೆ ಏಳು ದೋಷಗಳಿವೆ. ಆ ಪಟ್ಟಿಯಲ್ಲಿ ಇರುವುದು ಕಂಡರೆ 10 ದಿನದೊಳಗೆ ಕೋರ್ಟಿಗೆ ಹೋಗಬೇಕು, ಕಣ್ಣಿನದಕ್ಕೂ ಸೋಂಕಿನ ರಕ್ತಹೀನತೆಗೂ 30 ದಿನ. 10 ದಿನ ಅಂದರೆ ಕುದುರೆ ಹೊಸ ಜಾಗಕ್ಕೆ ಹೊಂದಿಕೊಳ್ಳುವುದರೊಳಗೆ ಮುಗಿದೇ ಹೋಗುತ್ತದೆ, ಅಲ್ವಾ? ಮೊದಲು ವ್ಯಾಪಾರಿಗಳಿಂದ ಕೊಂಡವರಿಗೆ ಸಾಮಾನ್ಯ ಗ್ರಾಹಕ ಸಾಮಾನಿನ ಗ್ಯಾರಂಟಿಯೂ ಸಿಗುತ್ತಿತ್ತು. 2022ರ ಜನವರಿಯಿಂದ ಪ್ರಾಣಿಗಳಿಗೆ ಅದನ್ನು ತೆಗೆದುಹಾಕಿದ್ದಾರೆ. ಹಾಗಾಗಿ ಕರಾರು ಪತ್ರವನ್ನು ಬರೆದೇ ಮಾಡಿಕೊಳ್ಳಿ. 'ಶಾಂತ ಸ್ವಭಾವ, ಒಂಟಿಯಾಗಿ ಹೊರಗೆ ಸವಾರಿಗೆ ಬರುತ್ತದೆ, ಟ್ರೇಲರ್ ಹತ್ತುತ್ತದೆ' ಅಂತ ಬಾಯಲ್ಲಿ ಹೇಳಿದ್ದೆಲ್ಲ ಕಾಗದದ ಮೇಲೆ ಬರಲಿ.

ಮೂರನೆಯದು ಸರಳ. ಹೇಳದೆ ಕೇಳದೆ ಇನ್ನೊಂದು ದಿನ ಹೋಗಿ ನೋಡಿ. ನೀವು ಹೋಗುವಷ್ಟರಲ್ಲಿ ಜೀನು ಕಟ್ಟಿ, ಬೆವರಿಳಿಸಿ ನಿಲ್ಲಿಸಿದ್ದರೆ ಅನುಮಾನ ಪಡಿ, ದಣಿದ ಕುದುರೆ ಶಾಂತವಾಗೇ ಕಾಣುತ್ತದೆ.

ಕಾಗದಪತ್ರ ತುಂಬಾ ಇದೆಯಂತೆ, ಹೌದಾ?

ಇದು ಫ್ರಾನ್ಸ್ ಕಣ್ರೀ. ಇದೆ. ಆದರೆ ಒಮ್ಮೆ ಕೂತು ಮಾಡಿದರೆ ಮುಗಿಯಿತು, ಮುಕ್ಕಾಲು ಪಾಲು ಆನ್‌ಲೈನಲ್ಲೇ ಆಗುತ್ತದೆ.

ಪ್ರತಿ ಕುದುರೆ, ಕತ್ತೆ, ಹೇಸರಗತ್ತೆಗೂ ಕತ್ತಿನಲ್ಲಿ ಚಿಪ್ ಇರಬೇಕು, ಒಂದು ಪಾಸ್‌ಪೋರ್ಟ್ ಪುಸ್ತಕ ಇರಬೇಕು, ಮಾಲೀಕರು ಯಾರು ಅಂತ ಹೇಳುವ ಕಾರ್ಡ್ ಇರಬೇಕು. ಪುಸ್ತಕ ಕುದುರೆ ಎಲ್ಲಿರುತ್ತದೋ ಅಲ್ಲೇ ಇರಬೇಕು, ಕಾರ್ಡ್ ಮಾಲೀಕರ ಹತ್ತಿರ. ಇವೆಲ್ಲ 'ಸಿರ್' ಅನ್ನುವ ರಾಷ್ಟ್ರೀಯ ದಾಖಲೆಯಲ್ಲಿ ಸೇರುತ್ತವೆ. ಅದನ್ನು ನೋಡಿಕೊಳ್ಳುವುದು ಐಎಫ್‌ಸಿಇ ಅನ್ನುವ ಸರ್ಕಾರಿ ಸಂಸ್ಥೆ. ಸಿರ್ ಕಚೇರಿ ಇರುವುದು ಇಲ್ಲೇ ಲಿಮೂಜಾಂನ ಆರ್ನಾಕ್ ಪೊಂಪಡೂರ್ ಅನ್ನುವ ಪುಟ್ಟ ಊರಿನಲ್ಲಿ. ಹೌದು, ಅದೇ ಪೊಂಪಡೂರ್. ದೊರೆ 15ನೇ ಲೂಯಿ 1745ರಲ್ಲಿ ತನ್ನ ಪ್ರೇಯಸಿ ಮದಾಂ ದ ಪೊಂಪಡೂರ್‌ಗೆ ಕೊಟ್ಟ ಕೋಟೆಯ ಊರು. ಕೊಂಡ ಕೂಡಲೇ ಮಾಲೀಕರ ಹೆಸರು ಬದಲಾಯಿಸಿ. ಕಾರ್ಡ್ ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ.

ನಿಮ್ಮದೇ ಜಾಗದಲ್ಲಿ ಸಾಕಿದರೆ ಆ ಜಾಗವನ್ನೂ ನೋಂದಾಯಿಸಬೇಕು. ಒಂದೇ ಕತ್ತೆ ಇದ್ದರೂ ಸರಿ. ಯಾವ ಪ್ರಾಣಿ ಯಾವಾಗ ಬಂತು, ಹೋಯಿತು, ಏನು ಔಷಧಿ ಕೊಟ್ಟಿರಿ ಅಂತ ಒಂದು ರಿಜಿಸ್ಟರ್ ಇಡಬೇಕು. ಮೂರು ಅಥವಾ ಹೆಚ್ಚು ಇದ್ದರೆ ಒಬ್ಬ ಪಶುವೈದ್ಯರನ್ನು ಅಧಿಕೃತವಾಗಿ ಗೊತ್ತು ಮಾಡಿ ತಿಳಿಸಬೇಕು. ಇದರ ಜೊತೆಗೆ, 2021ರ ನವೆಂಬರಿನ ಪ್ರಾಣಿ ಹಿಂಸೆ ತಡೆ ಕಾನೂನಿನಿಂದಾಗಿ, ಹವ್ಯಾಸಕ್ಕೆ ಸಾಕುವವರು ಕುದುರೆಯ ಆರೈಕೆ ತಮಗೆ ಗೊತ್ತಿದೆ ಅನ್ನುವ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. 2022ರ ಕೊನೆಯಿಂದ ಇದು ಕಡ್ಡಾಯ. ಬೇಸರ ಪಡಬೇಡಿ, ಒಳ್ಳೆಯ ನಿಯಮ.

ಪಾಸ್‌ಪೋರ್ಟಿನಲ್ಲಿ ಮಾಂಸದ ಬಗ್ಗೆ ಒಂದು ಪುಟ ಇದೆಯಲ್ಲ, ಅದೇನು?

ಇದನ್ನು ಕೇಳಿದಾಗ ನಮ್ಮವರ ಮುಖ ಸಪ್ಪಗಾಗುತ್ತದೆ. ಇಲ್ಲಿ ಕುದುರೆ ಮಾಂಸ ತಿನ್ನುತ್ತಾರೆ. ಈಗ ಕಮ್ಮಿಯಾಗಿದೆ, ಆದರೂ ಪೂರ್ತಿ ನಿಂತಿಲ್ಲ. ಕಾನೂನಿನ ಕಣ್ಣಲ್ಲಿ ಕುದುರೆ ದನ, ಕುರಿಗಳ ಸಾಲಿನಲ್ಲೇ ಬರುತ್ತದೆ. ಪಾಸ್‌ಪೋರ್ಟಿನಲ್ಲಿ 'ಆಹಾರಕ್ಕೆ ಬಳಸುವಂತಿಲ್ಲ' ಅಂತ ಒಮ್ಮೆ ಬರೆಸಿ ನೋಂದಾಯಿಸಿದರೆ ಅದು ಶಾಶ್ವತ, ಮುಂದಿನ ಮಾಲೀಕರೂ ಬದಲಾಯಿಸಲು ಆಗುವುದಿಲ್ಲ. ಮೊದಲ ಸಲ ಪಶುವೈದ್ಯರು ಬಂದಾಗಲೇ ಮಾಡಿಸಿಬಿಡಿ. ನೋವಿಗೆ ಕೊಡುವ ಫಿನೈಲ್‌ಬ್ಯುಟಜೋನ್‌ನಂಥ ಔಷಧಿಗಳನ್ನು ಹಾಗೆ ಬರೆಸಿದ ಕುದುರೆಗೆ ಮಾತ್ರ ಕೊಡಬಹುದು.

ಒಂದೇ ಕುದುರೆ ಸಾಕಾ?

ಸಾಲದು. ಕುದುರೆ ಗುಂಪಿನ ಪ್ರಾಣಿ. ಒಂಟಿ ಬಿಟ್ಟರೆ ಬೇಲಿ ಉದ್ದಕ್ಕೂ ಓಡಾಡುತ್ತದೆ, ಕೂಗುತ್ತದೆ, ಮರ ಕಡಿಯುತ್ತದೆ. ಎರಡನೆಯದು ಸವಾರಿಗೆ ಬಾರದ ಮುದಿ ಪೋನಿಯಾದರೂ ಪರವಾಗಿಲ್ಲ. ಕೆಲವರು ಕತ್ತೆ ಇಡುತ್ತಾರೆ, ಆದರೆ ಕತ್ತೆಗೆ ಕತ್ತೆಯೇ ಇಷ್ಟ. ಎರಡಕ್ಕೆ ಜಾಗ, ದುಡ್ಡು ಇಲ್ಲವಾದರೆ ಬೇರೆಯವರ ಮಂದೆಯಲ್ಲಿ ಬಿಡುವುದೇ ಸರಿ.

ಎಷ್ಟು ಜಮೀನು ಬೇಕು? ಕೊಳ್ಳುವುದು ಕಷ್ಟವಾ?

ಒಂದು ಕುದುರೆಗೆ ಒಂದು ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಎಕರೆ ಇದ್ದರೆ ಆರಾಮ. ಅದರ ಅರ್ಧದಲ್ಲೂ ಸಾಕಬಹುದು, ಆದರೆ ವರ್ಷದ ಹೆಚ್ಚಿನ ಕಾಲ ಒಣಹುಲ್ಲು ಕೊಂಡು ಹಾಕಬೇಕಾಗುತ್ತದೆ. ಜಮೀನನ್ನು ಮೂರು ನಾಲ್ಕು ಭಾಗ ಮಾಡಿ ಸುತ್ತು ಹಾಕಿಸಿ ಮೇಯಿಸಿ.

ಇಲ್ಲಿನ ಹುಲ್ಲುಗಾವಲು ಹೆಕ್ಟೇರಿಗೆ ಕೆಲವೇ ಸಾವಿರ ಯೂರೋ. ಬೆಂಗಳೂರಿನ ಸುತ್ತಮುತ್ತ ಸೈಟು ಹುಡುಕಿದವರಿಗೆ ಇದು ತಮಾಷೆ ಅನಿಸುತ್ತದೆ. ಆದರೆ ಹಳ್ಳಿಯಲ್ಲಿ ಬರೀ ದುಡ್ಡು ಇದ್ದರೆ ಸಾಲದು. ಕೃಷಿ ಭೂಮಿ ಮಾರಾಟವಾದಾಗ ನೋಂದಣಿ ಮಾಡುವ ನೋತೇರ್ ಅದನ್ನು 'ಸಫೇರ್' ಅನ್ನುವ ಸಂಸ್ಥೆಗೆ ತಿಳಿಸಬೇಕು. ಸಫೇರ್‌ಗೆ ಎರಡು ತಿಂಗಳ ಸಮಯ ಇರುತ್ತದೆ. ಅಷ್ಟರಲ್ಲಿ ಊರಿನ ಯುವ ರೈತನೊಬ್ಬನಿಗೆ ಆ ಜಮೀನು ಬೇಕಿದ್ದರೆ, ಸಂಸ್ಥೆ ನಿಮಗಿಂತ ಮೊದಲು ತಾನೇ ಕೊಂಡು ಅವನಿಗೆ ಕೊಡಿಸಬಹುದು. ಕೋಪ ಬರುವ ವಿಷಯವಲ್ಲ ಇದು, ಊರಿನ ಭೂಮಿ ರಜೆಗೆ ಬರುವವರ ಕೈಗೆ ಹೋಗದಿರಲಿ ಅಂತ ಮಾಡಿದ್ದು. ಮೊದಲೇ ಅಕ್ಕಪಕ್ಕದ ರೈತರ ಹತ್ತಿರ ಮಾತಾಡಿ, ಯಾರ ಕಣ್ಣಿದೆ ಅಂತ ತಿಳಿದುಕೊಂಡರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ಜಮೀನು ಕೊಂಡ ಮೇಲೆ ಲಾಯ ಕಟ್ಟಬಹುದು ತಾನೇ?

ಅಲ್ಲೇ ಇರುವುದು ತಿರುವು. ಕೃಷಿ ವಲಯ ಅಂತ ಗುರುತಿಸಿದ ಭೂಮಿಯಲ್ಲಿ ಕಟ್ಟಡ ಕಟ್ಟಲು ಹಕ್ಕಿರುವುದು ಸಾಮಾನ್ಯವಾಗಿ ರೈತರಿಗೆ. ಹವ್ಯಾಸಿಗಳನ್ನು ರೈತರು ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಟ್ಟಲು ಅವಕಾಶ ಇರುವ ಕಡೆಯೂ 5ರಿಂದ 20 ಚದರ ಮೀಟರಿಗೆ ಮೊದಲೇ ತಿಳಿಸುವ ಅರ್ಜಿ ಬೇಕು, 20 ದಾಟಿದರೆ ಪೂರ್ತಿ ಪರವಾನಗಿ. ಚಕ್ರವೋ ಮರದ ದಿಮ್ಮಿಯೋ ಇರುವ, ಎಳೆದು ಜಾಗ ಬದಲಾಯಿಸುವ ಗುಡಿಸಲು ಇಟ್ಟರೆ ನಿಯಮ ಅನ್ವಯಿಸಲ್ಲ ಅಂತ ಮಾರುವವರು ಹೇಳುತ್ತಾರೆ. ಅದು ಎಲ್ಲ ಊರಿನಲ್ಲೂ ನಡೆಯುವುದಿಲ್ಲ. ಕೊಳ್ಳುವ ಮೊದಲೇ ಮೇರಿಗೆ, ಅಂದರೆ ಇಲ್ಲಿನ ಪಂಚಾಯ್ತಿ ಆಫೀಸಿಗೆ ಹೋಗಿ ಆ ಸರ್ವೆ ನಂಬರ್ ಯಾವ ವಲಯದಲ್ಲಿದೆ ಅಂತ ಕೇಳಿ. ನನ್ನನ್ನು ಕೇಳಿದರೆ ಬರೀ ಹೊಲ ಕೊಳ್ಳುವುದಕ್ಕಿಂತ ಹಳೇ ಕಲ್ಲಿನ ಕೊಟ್ಟಿಗೆ ಇರುವ ಮನೆ ಹುಡುಕುವುದು ಜಾಣತನ.

ಉಳಿದ ಹೊಲವನ್ನು ಪಕ್ಕದ ರೈತನಿಗೆ ಮೇಯಿಸಲು ಕೊಡಬಹುದಾ?

ಹುಷಾರು. ದುಡ್ಡೋ, ಒಣಹುಲ್ಲೋ, ಏನಾದರೂ ತೆಗೆದುಕೊಂಡು ಕೊಟ್ಟರೆ ಬಾಯಿಮಾತಿನ ಒಪ್ಪಂದವೂ ಕೃಷಿ ಗೇಣಿ ಆಗಿಬಿಡಬಹುದು. ಗೇಣಿ ಅಂದರೆ ಕನಿಷ್ಠ 9 ವರ್ಷ, ಅದೂ ಮತ್ತೆ ಮತ್ತೆ ಮುಂದುವರಿಯುವಂಥದ್ದು. ನೀವು ಮಾರಲು ಹೊರಟರೆ ಗೇಣಿದಾರನಿಗೆ ಮೊದಲ ಹಕ್ಕೂ ಬರಬಹುದು. 'ಉಳುವವನೇ ಒಡೆಯ' ಕಾಲ ಕಂಡ ಮನೆಗಳಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪುಕ್ಕಟೆ ಬಳಕೆಗೆ ಅಂತ ಬೇರೆ ಬಗೆಯ ಬರಹದ ಒಪ್ಪಂದ ಇದೆ. ಅದನ್ನು ನೋತೇರ್ ಹತ್ತಿರ ಬರೆಸಿ. ಕುದುರೆ ಮೇಯ್ದ ಹೊಲದಲ್ಲಿ ದನ ಮೇಯಿಸುವುದರಿಂದ ಜಂತುಹುಳು ಕಮ್ಮಿಯಾಗುತ್ತದೆ, ಹಾಗಾಗಿ ಒಪ್ಪಂದ ಸರಿ ಇದ್ದರೆ ಇಬ್ಬರಿಗೂ ಲಾಭ.

ಏನು ತಿನ್ನಿಸುತ್ತೀರಿ? ಹುರುಳಿ ಸಿಗುತ್ತಾ?

ಹುರುಳಿ ಸಿಗಲ್ಲ, ಬೇಕೂ ಇಲ್ಲ. ಕುಣಿಗಲ್ ಕುದುರೆ ಫಾರಂ ಕಡೆಯವರಿಗೆ ಬೇಜಾರಾಗಬಹುದು. ಇಲ್ಲಿ ಓಟ್ಸ್, ಬಾರ್ಲಿ, ಇಲ್ಲವೇ ಚೀಲದಲ್ಲಿ ಬರುವ ಸಿದ್ಧ ಮೇವು. ವಾರಕ್ಕೆರಡು ಸಲ ಸುಮ್ನೆ ಸುತ್ತಾಡಿಸುವ ಕುದುರೆಗೆ ಕಾಳೇ ಬೇಕಾಗಿಲ್ಲ. ಹುಲ್ಲು, ನೀರು, ಖನಿಜದ ಉಪ್ಪುಗಟ್ಟಿ ಸಾಕು.

500 ಕಿಲೋ ತೂಗುವ ಕುದುರೆಗೆ ದಿನಕ್ಕೆ 8ರಿಂದ 10 ಕಿಲೋ ಒಣಹುಲ್ಲು ಬೇಕು. ನವೆಂಬರ್‌ನಿಂದ ಏಪ್ರಿಲ್ ತನಕ ಲೆಕ್ಕ ಹಾಕಿದರೆ 250 ಕಿಲೋದ ದುಂಡನೆ ಸುರುಳಿಗಳು ಆರೇಳಾಗುತ್ತವೆ. ಜೂನ್ ಕೊಯ್ಲಿನಲ್ಲೇ ಪಕ್ಕದ ರೈತನಿಗೆ ಹೇಳಿಟ್ಟುಬಿಡಿ. 2022ರಲ್ಲಿ ಬರ ಬಂದು ಹುಲ್ಲು ಸುಟ್ಟು ಹೋದಾಗ, ಜುಲೈನಲ್ಲೇ ಚಳಿಗಾಲದ ದಾಸ್ತಾನಿಗೆ ಕೈ ಹಾಕಬೇಕಾಗಿತ್ತು. ಆಗ ರೈತರು ಮೊದಲು ಕೊಟ್ಟದ್ದು ಪ್ರತಿ ವರ್ಷ ತಮ್ಮ ಹತ್ತಿರ ಕೊಳ್ಳುವವರಿಗೆ.

ನೀರು ದಿನಕ್ಕೆ 20ರಿಂದ 40 ಲೀಟರ್, ಸೆಕೆಗೆ ಇನ್ನೂ ಹೆಚ್ಚು. ಚಳಿಗಾಲದಲ್ಲಿ ಬೆಳಿಗ್ಗೆ ಎದ್ದು ಐಸ್ ಒಡೆಯುವ ಕೆಲಸ ಬೇರೆ.

ಇನ್ನೊಂದು ವಿಚಿತ್ರ ಕೇಳಿ. ಇಲ್ಲಿ ಕುದುರೆ ಹಸಿವಿನಿಂದ ಕೆಡುವುದಕ್ಕಿಂತ ಹೊಟ್ಟೆ ತುಂಬಿ ಕೆಡುವುದೇ ಜಾಸ್ತಿ. ವಸಂತದ ಎಳೆ ಹುಲ್ಲಿನಲ್ಲಿ ಸಕ್ಕರೆ ಅಂಶ ಹೆಚ್ಚು. ಅದನ್ನು ಬೇಕಾಬಿಟ್ಟಿ ತಿಂದ ಪೋನಿಗಳಿಗೆ ಗೊರಸಿನ ಒಳಗೆ ಊತ ಬಂದು ನಡೆಯಲಾಗುವುದಿಲ್ಲ. ಏಪ್ರಿಲ್, ಮೇನಲ್ಲಿ ಮೇಯುವ ಜಾಗಕ್ಕೆ ಕರೆಂಟ್ ಪಟ್ಟಿ ಎಳೆದು ಕಿರಿದು ಮಾಡಿ, ಇಲ್ಲವೇ ಬಾಯಿಗೆ ಕುಕ್ಕೆ ಹಾಕಿ.

ಯಾವ ಕಾಯಿಲೆ, ವಿಷದ ಗಿಡಗಳ ಬಗ್ಗೆ ಎಚ್ಚರ ಇರಬೇಕು?

ಎಲ್ಲಕ್ಕಿಂತ ಮೊದಲು ಸಿಕಮೋರ್ ಮೇಪಲ್ ಮರ. ಶರತ್ಕಾಲದಲ್ಲಿ ಅದರ ರೆಕ್ಕೆ ಬೀಜಗಳು ಗಾಳಿಗೆ ಹಾರಿ ಹೊಲದಲ್ಲಿ ಬೀಳುತ್ತವೆ, ವಸಂತದಲ್ಲಿ ಮೊಳಕೆ ಏಳುತ್ತವೆ. ಎರಡರಲ್ಲೂ ಹೈಪೋಗ್ಲೈಸಿನ್ ಅನ್ನುವ ವಿಷ. ತಿಂದ ಕುದುರೆಯ ಸ್ನಾಯು ಕರಗಿ, ಮೂತ್ರ ಕಂದು ಬಣ್ಣಕ್ಕೆ ತಿರುಗಿ, ಒಂದೆರಡು ದಿನದಲ್ಲಿ ಬೀಳುತ್ತದೆ. ಬಹುಪಾಲು ಉಳಿಯುವುದಿಲ್ಲ. ಮರ ನಿಮ್ಮದೇ ಹೊಲದಲ್ಲಿ ಇರಬೇಕು ಅಂತಿಲ್ಲ, ಬೇಲಿಯಾಚೆಯಿಂದಲೂ ಬೀಜ ಬರುತ್ತದೆ. ಆ ಕಾಲದಲ್ಲಿ ಆ ಹೊಲಕ್ಕೆ ಬಿಡಬೇಡಿ, ಹೊಟ್ಟೆತುಂಬ ಒಣಹುಲ್ಲು ಹಾಕಿ.

ಸ್ಮಶಾನಗಳ ಹತ್ತಿರ ಬೆಳೆಸುವ ಯೂ ಮರದ ಒಂದು ಹಿಡಿ ಸೊಪ್ಪೂ ಪ್ರಾಣ ತೆಗೆಯುತ್ತದೆ. ಹಳದಿ ಹೂವಿನ ರ‍್ಯಾಗ್‌ವರ್ಟ್ ನಿಧಾನವಾಗಿ ಲಿವರ್ ಹಾಳು ಮಾಡುತ್ತದೆ, ಒಣಗಿ ಹುಲ್ಲಿನಲ್ಲಿ ಸೇರಿದರೆ ಇನ್ನೂ ಅಪಾಯ, ಯಾಕಂದರೆ ಆಗ ಕುದುರೆಗೆ ಕಹಿ ಗೊತ್ತಾಗುವುದಿಲ್ಲ. ಲಿಮೂಜಾಂನ ಹುಳಿ ಮಣ್ಣಿನಲ್ಲಿ ಜರೀಗಿಡದ ಕಾಟವೂ ಇದೆ.

ಉಣ್ಣಿ ಹುಳ ಕಚ್ಚುವುದರಿಂದ ಬರುವ ಪೈರೋಪ್ಲಾಸ್ಮೋಸಿಸ್ ಅನ್ನುವ ಜ್ವರ ಇಲ್ಲಿ ಸಾಮಾನ್ಯ. ಕುದುರೆ ಮಂಕಾಗಿ ಮೇವು ಬಿಟ್ಟರೆ ಮೊದಲು ಥರ್ಮಾಮೀಟರ್ ಹಾಕಿ. ಪೈನ್ ಕಾಡಿನ ಕಡೆ ಚಳಿಗಾಲದ ಕೊನೆಗೆ ಸಾಲುಗಟ್ಟಿ ಇಳಿಯುವ ಕಂಬಳಿಹುಳುಗಳನ್ನು ಮೂಸಿದರೆ ನಾಲಿಗೆ ಊದಿಕೊಳ್ಳುತ್ತದೆ. ಕಮಾರ್ಗ್ ಮತ್ತು ಇತ್ತೀಚೆಗೆ ಬೋರ್ದೋ ಸುತ್ತಮುತ್ತ ಸೊಳ್ಳೆಯಿಂದ ವೆಸ್ಟ್ ನೈಲ್ ಜ್ವರ ಬರುತ್ತದೆ, ಅದಕ್ಕೆ ಲಸಿಕೆ ಇದೆ. ಧನುರ್ವಾಯು, ಫ್ಲೂ ಲಸಿಕೆ ಎಲ್ಲ ಕುದುರೆಗಳಿಗೂ ಹಾಕಿಸಬೇಕು. ಜಂತುಹುಳು ಔಷಧಿಯನ್ನು ಕ್ಯಾಲೆಂಡರ್ ನೋಡಿ ಕೊಡುವ ಕಾಲ ಹೋಯಿತು. ಲದ್ದಿ ಪರೀಕ್ಷೆ ಮಾಡಿಸಿ, ಬೇಕಾದ್ದಕ್ಕೆ ಮಾತ್ರ ಕೊಡಿ.

ಕುದುರೆ ನೋಡುವ ಪಶುವೈದ್ಯರು ಹಳ್ಳಿಗಳಲ್ಲಿ ಕಮ್ಮಿಯಾಗುತ್ತಿದ್ದಾರೆ. ಮನೆ ನೋಡುವಾಗಲೇ ಹತ್ತಿರದವರಿಗೆ ಫೋನ್ ಮಾಡಿ, ಹೊಸಬರನ್ನು ತೆಗೆದುಕೊಳ್ಳುತ್ತಾರಾ, ರಾತ್ರಿ ಬರುತ್ತಾರಾ ಅಂತ ಕೇಳಿ. ಲಾಳ ಹೊಡೆಯುವವರನ್ನೂ ಹಾಗೇ. ಒಳ್ಳೆಯವರು ಸಿಕ್ಕರೆ ಕಾಫಿ ಕೊಟ್ಟು ಉಳಿಸಿಕೊಳ್ಳಿ.

ಕುದುರೆ ಬೇಲಿ ಹಾರಿ ರಸ್ತೆಗೆ ಹೋದರೆ?

ಹೊಣೆ ನಿಮ್ಮದು. ಸಿವಿಲ್ ಕೋಡಿನ 1243ನೇ ವಿಧಿ ಹೇಳುವುದು ಅದನ್ನೇ: ಪ್ರಾಣಿ ಕೈಯಲ್ಲಿರಲಿ, ತಪ್ಪಿಸಿಕೊಂಡಿರಲಿ, ನಷ್ಟ ಅದರ ಮಾಲೀಕರ ಅಥವಾ ಬಳಸುತ್ತಿರುವವರ ತಲೆ ಮೇಲೆ. ಮನೆಯ ವಿಮೆಯಲ್ಲಿ ನಾಯಿ ಬೆಕ್ಕು ಸೇರಿರುತ್ತದೆ, ಕುದುರೆ ಸಾಮಾನ್ಯವಾಗಿ ಇರುವುದಿಲ್ಲ. ಪ್ರತ್ಯೇಕವಾಗಿ ಸೇರಿಸಿ. ಹಳೆಯ ಹೊಲಗಳಲ್ಲಿ ದನಕ್ಕೆ ಹಾಕಿದ ಮುಳ್ಳುತಂತಿ ಇರುತ್ತದೆ, ಅದನ್ನು ಕಿತ್ತುಹಾಕಿ. ಅಗಲದ ಕರೆಂಟ್ ಪಟ್ಟಿ ಹಾಕಿ, ದಾರಿಯ ಬದಿಗೆ ಎಚ್ಚರಿಕೆ ಫಲಕ ತೂಗುಹಾಕಿ.

ಸವಾರಿ ಎಲ್ಲಿ ಮಾಡುತ್ತೀರಿ?

ಇಷ್ಟೆಲ್ಲ ಕಷ್ಟ ಪಡುವುದು ಇದಕ್ಕೇ ಅಲ್ವಾ. ಫ್ರಾನ್ಸಿನಲ್ಲಿ ಊರೂರಿಗೂ ಹಳೆಯ ಮಣ್ಣಿನ ದಾರಿಗಳಿವೆ. ಎರಡೂ ಕಡೆ ಕಲ್ಲಿನ ಗೋಡೆ, ಓಕ್ ಮತ್ತು ಚೆಸ್ಟ್‌ನಟ್ ಮರಗಳ ನೆರಳು. ಪಂಚಾಯ್ತಿಗೆ ಸೇರಿದ ದಾರಿಗಳಲ್ಲಿ ಕುದುರೆ ಮೇಲೆ ಹೋಗಬಹುದು. 1:25,000 ಅಳತೆಯ ಸರ್ಕಾರಿ ನಕ್ಷೆ ತೆಗೆದುಕೊಂಡರೆ ವರ್ಷಗಟ್ಟಲೆ ಹೊಸ ದಾರಿ ಸಿಗುತ್ತದೆ. ಯಾರದೋ ಹೊಲದ ಗೇಟು ತೆಗೆದರೆ ಮತ್ತೆ ಮುಚ್ಚಿ, ಎದುರು ಸಿಕ್ಕವರಿಗೆ ಬೋಂಜೂರ್ ಅನ್ನಿ, ಬಿತ್ತಿದ ಗದ್ದೆ ಅಂಚಿನಲ್ಲೂ ಓಡಿಸಬೇಡಿ. ಊರಿನವರ ಜೊತೆ ಜಗಳ ಶುರುವಾಗುವುದೇ ಇಂಥ ಕಡೆ.

ಸೆಪ್ಟೆಂಬರ್‌ನಿಂದ ಫೆಬ್ರವರಿ ಕೊನೆ ತನಕ ಬೇಟೆ ಕಾಲ. ಭಾನುವಾರ ಕಾಡಿನಲ್ಲಿ ಹಂದಿ ಓಡಿಸುತ್ತಿರುತ್ತಾರೆ. ಬೇಟೆ ನಡೆಯುತ್ತಿದೆ ಅಂತ ದಾರಿಯಲ್ಲಿ ಫಲಕ ಕಂಡರೆ ವಾಪಸ್ ಬನ್ನಿ. ನಿಮಗೂ ಕುದುರೆಗೂ ಹೊಳೆಯುವ ಬಣ್ಣದ ಬಟ್ಟೆ ಇರಲಿ. ಊರಿನ ಬೇಟೆಗಾರರ ಸಂಘದವರಿಗೆ ಫೋನ್ ಮಾಡಿ ಯಾವ ದಿನ ಯಾವ ಕಡೆ ಅಂತ ಕೇಳಿದರೆ ಖುಷಿಯಿಂದ ಹೇಳುತ್ತಾರೆ.

ದೂರ ಹೋಗುವ ಹುಚ್ಚಿದ್ದರೆ, ಕುದುರೆಗೂ ಮನುಷ್ಯರಿಗೂ ಜಾಗ ಕೊಡುವ ತಂಗುಮನೆಗಳಿವೆ. 'ತ್ರೀ ಮಸ್ಕಿಟಿಯರ್ಸ್' ಕಾದಂಬರಿಯ ನಾಯಕನಿಗೆ ಮೂಲವಾದ ಸೈನಿಕ ದಾರ್ತಾನ್ಯಾಂ ಹೆಸರಿನ ಕುದುರೆ ಮಾರ್ಗ ಅವನು ಹುಟ್ಟಿದ ಗಾಸ್ಕನಿಯ ಲುಪಿಯಾಕ್‌ನಿಂದ ಶುರುವಾಗಿ, 1673ರಲ್ಲಿ ಅವನು ಸತ್ತ, ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ತನಕ ಹೋಗುತ್ತದೆ. ಪೂರ್ತಿ ಮಾಡಬೇಕಿಲ್ಲ, ಒಂದು ವಾರದ ತುಂಡು ಸಾಕು.

ಕಾರಿಗೆ ಟ್ರೇಲರ್ ಕಟ್ಟಿ ಕುದುರೆ ಸಾಗಿಸಲು ಮಾಮೂಲಿ ಲೈಸೆನ್ಸ್ ಸಾಕಾ?

ಕಾರು ಮತ್ತು ಟ್ರೇಲರ್‌ಗೆ ಕಾಗದದಲ್ಲಿ ಬರೆದ ಗರಿಷ್ಠ ತೂಕ ಎರಡೂ ಸೇರಿ 3,500 ಕಿಲೋ ಒಳಗಿದ್ದರೆ ಸಾಕು. 4,250 ತನಕ ಆದರೆ ಬಿ96 ಅನ್ನುವ 7 ಗಂಟೆಯ ತರಬೇತಿ ಬೇಕು, ಪರೀಕ್ಷೆ ಇಲ್ಲ. ಅದಕ್ಕಿಂತ ಮೇಲಾದರೆ ಬಿಇ ಲೈಸೆನ್ಸ್, ಅದಕ್ಕೆ ಪರೀಕ್ಷೆ ಇದೆ. ಎರಡು ಕುದುರೆಯ ಟ್ರೇಲರ್ ಅಂದರೆ ಹೆಚ್ಚಿನವರು ಬಿ96ಕ್ಕೆ ಬಂದು ನಿಲ್ಲುತ್ತಾರೆ.

ಊರಿಗೆ ಒಂದು ತಿಂಗಳು ರಜೆ ಹೋಗಬೇಕಾದರೆ?

ಇದು ನಮ್ಮಂಥವರಿಗೆ ನಿಜವಾದ ಪ್ರಶ್ನೆ. ಫ್ರೆಂಚರು ಅಮ್ಮನ ಮನೆಗೆ ಹೋಗುವುದು ವಾರಾಂತ್ಯಕ್ಕೆ, ನಾವು ಹೋದರೆ ನಾಲ್ಕು ವಾರ. ಕುದುರೆ ಇರುವ ಇನ್ನೊಂದು ಮನೆಯವರ ಜೊತೆ ಸರದಿ ಒಪ್ಪಂದ ಮಾಡಿಕೊಳ್ಳಿ. ನೀವು ಆಗಸ್ಟಿನಲ್ಲಿ ಅವರದನ್ನು ನೋಡಿಕೊಳ್ಳಿ, ಅವರು ಡಿಸೆಂಬರಿನಲ್ಲಿ ನಿಮ್ಮದನ್ನು. ಆಗದಿದ್ದರೆ ಆ ತಿಂಗಳಿಗೆ ಕ್ಲಬ್ಬಿನಲ್ಲಿ ಬಿಡಿ. ಹೋಗುವ ಮೊದಲು ಪಶುವೈದ್ಯರಿಗೆ ಒಂದು ಪತ್ರ ಬರೆದುಕೊಡಿ: ನೀವು ಫೋನಿಗೆ ಸಿಗದಿದ್ದರೆ ಯಾರು ತೀರ್ಮಾನ ಮಾಡಬೇಕು, ಎಷ್ಟು ಖರ್ಚಿನ ತನಕ ಚಿಕಿತ್ಸೆ ಮಾಡಬಹುದು, ಆಪರೇಷನ್ ಬೇಕೋ ಬೇಡವೋ. ಬರೆಯುವಾಗ ಕೈ ನಡುಗುತ್ತದೆ, ಆದರೂ ಬರೆಯಿರಿ. ಎಂಟು ಸಾವಿರ ಕಿಲೋಮೀಟರ್ ದೂರದಿಂದ ರಾತ್ರಿ ಹೊತ್ತು ವಾಟ್ಸಾಪಿನಲ್ಲಿ ತೀರ್ಮಾನಿಸುವ ವಿಷಯವಲ್ಲ ಅದು.

ಕುದುರೆ ಸತ್ತರೆ ನಮ್ಮ ಹೊಲದಲ್ಲೇ ಹೂಳಬಹುದಾ?

ಇಲ್ಲ, ಕಾನೂನಿನಲ್ಲಿ ನಿಷೇಧ. 48 ಗಂಟೆಯೊಳಗೆ ಶವ ಸಾಗಿಸುವ ಅಧಿಕೃತ ಸೇವೆಗೆ ತಿಳಿಸಬೇಕು, ಅವರು ಲಾರಿ ತರುತ್ತಾರೆ, ಅದಕ್ಕೆ ನೀವೇ ಹಣ ಕೊಡಬೇಕು. ಪ್ರತ್ಯೇಕವಾಗಿ ಸುಡಿಸಿ ಬೂದಿ ಪಡೆಯುವ ಸೌಲಭ್ಯವೂ ಇದೆ, ಬಹಳ ದುಬಾರಿ. ಲಾರಿಯ ಕ್ರೇನ್ ಕೆಲಸ ನೋಡಲು ಕಷ್ಟ. ಮಕ್ಕಳನ್ನು ಒಳಗೆ ಕಳಿಸಿ.

ಇದರಿಂದ ಸಂಪಾದನೆ ಮಾಡಬಹುದಾ?

ದುಡ್ಡು ತೆಗೆದುಕೊಂಡು ಸವಾರಿ ಕಲಿಸಲು ಸರ್ಕಾರಿ ಡಿಪ್ಲೊಮಾ ಬೇಕು, ಊರಲ್ಲಿ ಎಷ್ಟೇ ಅನುಭವ ಇದ್ದರೂ ಲೆಕ್ಕಕ್ಕಿಲ್ಲ. ಬೇರೆಯವರ ಕುದುರೆ ಸಾಕಿಕೊಡುವುದು, ಮರಿ ಮಾಡಿಸುವುದು ಸಾಮಾನ್ಯವಾಗಿ ಕೃಷಿ ಅಂತ ಲೆಕ್ಕ. ಅದಕ್ಕೆ ರೈತರ ಸಾಮಾಜಿಕ ಭದ್ರತಾ ಸಂಸ್ಥೆ ಎಂಎಸ್‌ಎಯಲ್ಲಿ ಹೆಸರು ಬರೆಸಬೇಕು, ನಿಮ್ಮ ವೀಸಾ ಅದಕ್ಕೆ ಒಪ್ಪಬೇಕು. ಲಾಭ? ಲದ್ದಿ ಮಾತ್ರ ಖಂಡಿತ ಸಿಗುತ್ತದೆ. ತರಕಾರಿ ಬೆಳೆಯುವ ಪಕ್ಕದ ಮನೆಯವರು ಅದಕ್ಕೆ ಬದಲಾಗಿ ಬೀನ್ಸ್ ಕೊಡುತ್ತಾರೆ.

ಕುದುರೆ ಕೊಳ್ಳದೆ, ಬರೀ ನೋಡಿ ಖುಷಿ ಪಡಲು ಎಲ್ಲಿಗೆ ಹೋಗಬೇಕು?

ಸೋಮ್ಯೂರ್ ಊರಿನಲ್ಲಿ ಕಾದ್ರ ನುವಾರ್ ಅನ್ನುವ ಸವಾರಿ ಗುರುಗಳ ತಂಡದ ಪ್ರದರ್ಶನ ನೋಡಿ. ಫ್ರೆಂಚ್ ಪದ್ಧತಿಯ ಸವಾರಿಯನ್ನು ಯುನೆಸ್ಕೋ 2011ರಲ್ಲಿ ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಕುದುರೆಯ ಮೇಲೆ ಬಲಪ್ರಯೋಗ ಕಾಣಿಸದಂತೆ ಸವಾರಿ ಮಾಡುವುದು ಅಂದರೆ ಏನು ಅಂತ ಅಲ್ಲಿ ಗೊತ್ತಾಗುತ್ತದೆ. ನಾರ್ಮಂಡಿಯ ಆರಾ ದ್ಯು ಪ್ಯಾಂ ಹಳೆಯ ರಾಜರ ಕಾಲದ ಕುದುರೆ ಸಾಕಣೆ ಕೇಂದ್ರ. ಪ್ಯಾರಿಸ್ ಹತ್ತಿರದ ಶಾಂತಿಯಿ ಅನ್ನುವ ಊರಿನ ಲಾಯವನ್ನು ಅರಮನೆ ಅಂದುಕೊಂಡು ಒಳಗೆ ಹೋಗುವವರಿದ್ದಾರೆ. ಅದನ್ನು ಕಟ್ಟಿಸಿದ ಡ್ಯೂಕ್ ತಾನು ಮುಂದಿನ ಜನ್ಮದಲ್ಲಿ ಕುದುರೆಯಾಗಿ ಹುಟ್ಟುತ್ತೇನೆ ಅಂತ ನಂಬಿದ್ದನಂತೆ, ಅದಕ್ಕೇ ಮೊದಲೇ ಒಳ್ಳೇ ಮನೆ ಮಾಡಿಟ್ಟನಂತೆ.

ಮೇ 24ರಂದು ಕಮಾರ್ಗ್‌ನ ಸೇಂತ್ ಮಾರಿ ಊರಿಗೆ ಹೋದರೆ, ಬಿಳಿ ಕುದುರೆಗಳ ಮೇಲೆ ಕೂತ ದನಗಾಹಿಗಳ ಕಾವಲಿನಲ್ಲಿ ರೋಮಾ ಜನ, ಅಂದರೆ ಜಿಪ್ಸಿಗಳು, ತಮ್ಮ ಸಂತೆ ಸಾರಾಳ ಮೂರ್ತಿಯನ್ನು ಹೊತ್ತು ಸಮುದ್ರಕ್ಕೆ ಇಳಿಸುತ್ತಾರೆ. ಅವಳನ್ನು ಸಾರಾ ಲಾ ಕಾಲಿ ಅನ್ನುತ್ತಾರೆ, ಕಪ್ಪು ಮುಖ, ಮೈತುಂಬ ಸೀರೆಯಂಥ ಬಟ್ಟೆ. ರೋಮಾ ಜನರ ಪೂರ್ವಿಕರು ಹೊರಟದ್ದು ಭಾರತದಿಂದ. ಆವತ್ತು ಊರೊಳಗೆ ಕಾರು ನಿಲ್ಲಿಸಲು ಜಾಗ ಸಿಗಲ್ಲ, ಹಿಂದಿನ ರಾತ್ರಿಯೇ ತಲುಪಿ.